ನಡುಕಕ್ಕೆ ನ್ಯಾಯ ಗೊತ್ತಿಲ್ಲ

ಜಾವಾ ಸಮುದ್ರದ ಅಡಿಯಲ್ಲಿ ಭೂಮಿ ನಡುಗಿತು. ಪ್ರಮಾಣ ಐದು ಚಿಲ್ಲರೆ, ಆಳ ಐನೂರು ಕಿಲೋಮೀಟರಿಗೂ ಹೆಚ್ಚು. ಹಾನಿ ಇಲ್ಲ. ಇಂಥ ಕಂಪ ಅಲ್ಲಿ ಮತ್ತೆ ಮತ್ತೆ ಆಗುತ್ತಲೇ ಇರುತ್ತದೆ. ಪತ್ರಿಕೆಯ ಮೂಲೆಯಲ್ಲಿ ಒಂದು ಸಾಲು ಬಂದರೆ ಬಂತು, ಬಹಳ ಸಲ ಅದೂ ಇಲ್ಲ. ಸತ್ತವರಿಲ್ಲದ ಭೂಕಂಪ ಯಾರಿಗೆ ಬೇಕು?

ಆದರೂ ಗೆಳೆಯರೆ, ಯಾರನ್ನೂ ಕೊಲ್ಲದ ಈ ಭೂಕಂಪದ ಬಗ್ಗೆಯೇ ನಾವು ನಾಲ್ಕು ಮಾತು ಆಡಬೇಕಾಗಿದೆ. ಯಾಕೆಂದರೆ ಭೂಕಂಪ ಅನ್ನೋ ಮಾತು ಇವತ್ತಿನ ಕವಿತೆಗಳಲ್ಲಿ ಬಹಳ ಅಗ್ಗವಾಗಿದೆ. ಬಂಡಾಯ ಅಂದ ಕೂಡಲೆ ಬೆಂಕಿ, ಜ್ವಾಲಾಮುಖಿ, ಭೂಕಂಪ. ನೆಲ ಬಿರಿಯಲಿ, ಗೋಪುರ ಉರುಳಲಿ, ಅಗ್ರಹಾರ ಮಣ್ಣುಪಾಲಾಗಲಿ ಅಂತ ಒಬ್ಬ ಓದುತ್ತಾನೆ. ಗೋಷ್ಠಿಯಲ್ಲಿ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ನಿಂತ ಮೇಲಾದರೂ ಯಾರಾದರೂ ಕೇಳಬೇಕಲ್ಲ: ನೆಲ ಬಿರಿದರೆ ಸಾಯೋರು ಯಾರು? ಭೂಮಿಗೆ ನ್ಯಾಯ ಅನ್ಯಾಯ ಗೊತ್ತಿದೆಯೆ? ಗೊತ್ತಿಲ್ಲದಿದ್ದರೆ ನಮ್ಮ ಲೆಕ್ಕವನ್ನು ಅದರ ಕೈಗೆ ಯಾಕೆ ಕೊಡುತ್ತಿದ್ದೇವೆ?

ಮೊದಲು ಆ ಆಳ ಎಂಥದ್ದು ಅಂತ ತಿಳಿಯೋಣ. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗೋ ಹೊತ್ತಿಗೆ ಕಲಬುರಗಿ. ಸುಮಾರು 600 ಕಿಲೋಮೀಟರ್ ದಾರಿ. ಆ ದಾರಿಯನ್ನು ಹಾಗೇ ಎತ್ತಿ ನೆಲದೊಳಕ್ಕೆ ನೆಟ್ಟಗೆ ಇಳಿಬಿಡಿ. ಅದರ ಕೊನೆಯ ಊರುಗಳು ಎಲ್ಲಿ ಬರುತ್ತವೋ ಅಲ್ಲಿ ಈ ಕಂಪ ಹುಟ್ಟುತ್ತದೆ.

ಭೂಮಿಯ ಮೇಲ್ಪದರ ಒಂದೇ ಹಾಸುಗಲ್ಲಲ್ಲ. ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ಆ ಫಲಕಗಳು ಚಲಿಸುತ್ತವೆ. ಕರ್ನಾಟಕವನ್ನು ಹೊತ್ತ ಫಲಕವನ್ನೂ ಆಸ್ಟ್ರೇಲಿಯಾವನ್ನು ಹೊತ್ತ ಫಲಕವನ್ನೂ ವಿಜ್ಞಾನಿಗಳು ಬಹಳ ಕಾಲ ಒಂದೇ ಎಂದು ಎಣಿಸಿದ್ದರು. ಈಗ ಬೇರೆ ಬೇರೆ ಅನ್ನುತ್ತಾರೆ, ಆದರೆ ನಡುವಿನ ಗಡಿ ಒಂದು ಗೆರೆ ಎಳೆದ ಹಾಗಿಲ್ಲ. ಒಂದೇ ಮನೆಯಿಂದ ಪಾಲಾದ ಅಣ್ಣತಮ್ಮಂದಿರ ಹಾಗೆ ಅನ್ನಿ. ಅಂಡಮಾನ್, ಸುಮಾತ್ರಾದಿಂದ ಜಾವಾ ದಾಟಿ ಬಿಲ್ಲಿನಂತೆ ಬಾಗಿದ ಸಮುದ್ರದ ಕಂದಕದಲ್ಲಿ ಈ ಫಲಕಗಳು ಎದುರಿನ ಫಲಕದ ಅಡಿಗೆ ತೂರುತ್ತವೆ. ಹೀಗೆ ಒಂದು ಇನ್ನೊಂದರ ಅಡಿಗೆ ಇಳಿಯುವ ಜಾಗಕ್ಕೆ ಸಬ್‌ಡಕ್ಷನ್ ವಲಯ ಅನ್ನುತ್ತಾರೆ. ಜಾವಾದ ದಕ್ಷಿಣದಲ್ಲಿ ಇದರ ನಡಿಗೆ ವರ್ಷಕ್ಕೆ ಆರೇಳು ಸೆಂಟಿಮೀಟರ್. ಬಹಳ ನಿಧಾನ ಅನ್ನಿಸುತ್ತದೆ. ವರ್ಷಕ್ಕೆ 6 ಸೆಂಟಿಮೀಟರ್ ಅಂದರೆ ಒಂದು ಕೋಟಿ ವರ್ಷಕ್ಕೆ 600 ಕಿಲೋಮೀಟರ್. ಭೂಮಿಗೆ ಕೋಟಿ ವರ್ಷ ದೊಡ್ಡ ಮಾತಲ್ಲ. ಹಾಗೆ ಇಳಿದ ಹಳೆಯ ಸಮುದ್ರತಳ ಇವತ್ತು ಜಾವಾ ದ್ವೀಪದ ಕೆಳಗೆ ಹಾದು, ಅದರ ಉತ್ತರದ ಸಮುದ್ರದ ಅಡಿಯಲ್ಲಿ ಅಷ್ಟು ಆಳ ಮುಟ್ಟಿದೆ.

ಅಷ್ಟು ಆಳದಲ್ಲಿ ಬಂಡೆ ಮುರಿಯಬಾರದು. ಅಲ್ಲಿನ ಒತ್ತಡ ನಾವು ಹೊತ್ತಿರುವ ಗಾಳಿಯ ಒತ್ತಡದ ಸುಮಾರು 2 ಲಕ್ಷ ಪಟ್ಟು. ಸುತ್ತಲೂ ಕುಲುಮೆಯ ಬಿಸಿ. ಅಂಥ ಕಡೆ ಕಲ್ಲು ಬಾಗಬೇಕು, ಒಡೆಯಬಾರದು. ಅದಕ್ಕೇ 1922ರಲ್ಲಿ ಇಂಗ್ಲೆಂಡಿನ ಟರ್ನರ್ ಎಂಬವರು ಆಳದ ಭೂಕಂಪಗಳಿವೆ ಅಂದಾಗ ಹಲವರು ನಂಬಲಿಲ್ಲ. 1928ರಲ್ಲಿ ಜಪಾನಿನ ಕಿಯೂ ವದಾತಿ, ಇಪ್ಪತ್ತೈದರ ಆಚೀಚೆ ವಯಸ್ಸಿನ ಹುಡುಗ, ತನ್ನ ದೇಶದ ವೀಕ್ಷಣಾಲಯಗಳ ದಾಖಲೆಗಳನ್ನು ಜೋಡಿಸಿ ಭೂಮಿ ನೂರಾರು ಕಿಲೋಮೀಟರ್ ಆಳದಲ್ಲೂ ಒಡೆಯುತ್ತದೆ ಅಂತ ತೋರಿಸಿಕೊಟ್ಟ. ಕೆಳಗಿಳಿದ ಫಲಕ ಸುತ್ತಲಿನ ಬಿಸಿಗಿಂತ ತಣ್ಣಗಿರುತ್ತದೆ. ಆ ಒತ್ತಡದಲ್ಲಿ ಅದರ ಖನಿಜ ತನ್ನ ರೂಪ ಬದಲಿಸುವಾಗ ತಟ್ಟನೆ ಸೀಳಿ ಜಾರುತ್ತದೆ ಅನ್ನೋದು ಒಂದು ವಿವರಣೆ. ವಿಜ್ಞಾನಿಗಳ ನಡುವೆ ಈ ಚರ್ಚೆ ಇನ್ನೂ ಮುಗಿದಿಲ್ಲ. 700 ಕಿಲೋಮೀಟರ್ ದಾಟುವ ಹೊತ್ತಿಗೆ ಕಂಪಗಳು ನಿಂತುಹೋಗುತ್ತವೆ.

ಅಷ್ಟು ಒತ್ತಿದರೂ ಬಾಗದೆ ಮುರಿಯುವ ಕಲ್ಲು! ಕವಿಯಾದವನಿಗೆ ಇಲ್ಲೇ ಒಂದು ರೂಪಕ ಸಿಕ್ಕಿಬಿಡುತ್ತದೆ. ತುಳಿಸಿಕೊಂಡವರ ಎದೆ ಅಂತ ಬರೆದೂ ಬಿಡುತ್ತಾನೆ. ಸ್ವಲ್ಪ ತಾಳಿ. ರೂಪಕಕ್ಕಿಂತ ಮುಂಚೆ ಹೆಣದ ಲೆಕ್ಕ ಮುಗಿಸೋಣ.

ಜಾವಾದ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2022ರ ನವೆಂಬರ್ 21, ಪಶ್ಚಿಮ ಜಾವಾದ ಚಿಯಾಂಜುರ್. ಪ್ರಮಾಣ 5.6, ಅಂದರೆ ಮಧ್ಯಮ ಕಂಪ. ಆಳ ಬರೀ ಹತ್ತು ಕಿಲೋಮೀಟರಿನ ಆಸುಪಾಸು. ಮಧ್ಯಾಹ್ನದ ಹೊತ್ತು. ಇಟ್ಟಿಗೆ ಗೋಡೆಗಳು ಬಿದ್ದವು, ಗುಡ್ಡ ಜಾರಿತು, 300ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳು ಬಹಳ ಇದ್ದರು. ಇದಾಗಿ ಐದು ತಿಂಗಳು ತುಂಬಿರಲಿಲ್ಲ. 2023ರ ಏಪ್ರಿಲ್ 14, ಅದೇ ಜಾವಾದ ಪೂರ್ವಕ್ಕೆ, ತುಬಾನ್ ಊರಿನ ಉತ್ತರದ ಸಮುದ್ರದ ಅಡಿಯಲ್ಲಿ ಇನ್ನೊಂದು. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯ ಲೆಕ್ಕದಲ್ಲಿ ಪ್ರಮಾಣ 7.0, ಆಳ 590 ಕಿಲೋಮೀಟರಿಗೂ ಹೆಚ್ಚು. ಜಾವಾದ ಉದ್ದಕ್ಕೂ, ಬಾಲಿಯ ತನಕ ಜನಕ್ಕೆ ನಡುಕ ಗೊತ್ತಾಯಿತು. ಸತ್ತ ಸುದ್ದಿ ಒಂದೂ ಬರಲಿಲ್ಲ. ಶಕ್ತಿಯ ಲೆಕ್ಕ ಹಿಡಿದರೆ ಈ ಎರಡನೆಯದು ಮೊದಲನೆಯದರ 120 ಪಟ್ಟಿಗೂ ಹೆಚ್ಚು ದೊಡ್ಡದು.

ದೊಡ್ಡದು ಸುಮ್ಮನೆ ಹೋಯಿತು. ಸಣ್ಣದು ಮಕ್ಕಳನ್ನು ತಿಂದಿತು. ಇದರಲ್ಲಿ ಯಾವ ನ್ಯಾಯ ಹುಡುಕುತ್ತೀರಿ? ಚಿಯಾಂಜುರಿನ ಮಕ್ಕಳು ಮಾಡಿದ ಪಾಪ ಏನು? ತುಬಾನಿನವರ ಪುಣ್ಯ ಏನು? ಕರ್ಮ ಸಿದ್ಧಾಂತದವರಿಗೆ ಇಲ್ಲೂ ಒಂದು ಉತ್ತರ ಇದ್ದೇ ಇರುತ್ತದೆ, ಹಿಂದಿನ ಜನ್ಮ ಅಂದುಬಿಡುತ್ತಾರೆ. ನಮ್ಮ ತಾತ ಮುತ್ತಾತಂದಿರಿಗೆ ಹೇಳಿದ್ದೂ ಅದೇ ಉತ್ತರ. ಅದನ್ನು ನಾವು ಹೊಸ್ತಿಲಾಚೆ ಇಟ್ಟು ಬಂದವರು.

ಆಳದ ಕಂಪ ಈ ಮೊಕದ್ದಮೆಯಲ್ಲಿ ಒಂದು ಸಾಕ್ಷಿ. ಅದು ಹೇಳೋದು ಇಷ್ಟೆ: ನಡುಕ ತಾನಾಗಿ ಕೊಲ್ಲುವುದಿಲ್ಲ. ನಡುಕಕ್ಕೂ ಸಾವಿಗೂ ನಡುವೆ ಎರಡು ವಸ್ತುಗಳಿವೆ. ಒಂದು ದೂರ, ಇನ್ನೊಂದು ಗೋಡೆ. ದೂರ ನಿಸರ್ಗ ಕೊಟ್ಟದ್ದು. 600 ಕಿಲೋಮೀಟರ್ ಬಂಡೆ ಹಾದು ಬರೋ ಹೊತ್ತಿಗೆ ಅಲೆ ಹರಡಿ ಸೊರಗಿರುತ್ತದೆ, ಆಗ ಗೋಡೆ ಹೇಗಿದ್ದರೂ ನಡೆದೀತು. ಗೋಡೆ ಮನುಷ್ಯ ಕಟ್ಟಿದ್ದು. ದೂರ ಇಲ್ಲದ ಕಡೆ ಗೋಡೆಯೇ ಎಲ್ಲ. ಗುಡ್ಡ ಜಾರುವುದು ಬೇರೆ ಮಾತು ಅನ್ನಬಹುದು. ಅಲ್ಲೂ ಜಾರುವ ಗುಡ್ಡದ ಬುಡದಲ್ಲಿ ಮನೆ ಮಾಡಿಕೊಳ್ಳಬೇಕಾಗಿ ಬಂದವರು ಯಾರು ಅನ್ನೋ ಪ್ರಶ್ನೆ ಉಳಿಯುತ್ತದೆ. ನೆಲವನ್ನು ಕಟಕಟೆಗೆ ಕರೆದರೆ ಗೋಡೆ ಕಟ್ಟಿದ ಗುತ್ತಿಗೆದಾರ, ನಕ್ಷೆಗೆ ಸಹಿ ಹಾಕಿದ ಅಧಿಕಾರಿ, ಇಷ್ಟೇ ಕೂಲಿಯಲ್ಲಿ ಬದುಕು ಅಂದ ಧಣಿ, ಮೂವರೂ ಹಿಂಬಾಗಿಲಿಂದ ಮನೆಗೆ ಹೋಗುತ್ತಾರೆ.

ಭೂಕಂಪವನ್ನು ನ್ಯಾಯಾಧೀಶನನ್ನಾಗಿ ಮಾಡಿದ್ದು ಕವಿಗಳು ಮಾತ್ರ ಅಲ್ಲ. 1934ರ ಜನವರಿ 15ರಂದು ಬಿಹಾರ, ನೇಪಾಳಗಳಲ್ಲಿ ಭಾರಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಅದು ಆಳದ ಕಂಪವಾಗಿರಲಿಲ್ಲ. ಆಗ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ದಕ್ಷಿಣ ಭಾರತದಲ್ಲಿ ಪ್ರವಾಸ ಮಾಡುತ್ತಿದ್ದರು. ಈ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದರು. ರವೀಂದ್ರನಾಥ ಟ್ಯಾಗೋರರು ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ನಿಸರ್ಗದ ಘಟನೆಗೂ ನೀತಿಗೂ ಗಂಟು ಹಾಕಿದರೆ ಜನರ ಮೂಢತನಕ್ಕೆ ನೀರೆರೆದ ಹಾಗೆ ಅನ್ನೋದು ಅವರ ವಾದದ ತಿರುಳು. ಗಾಂಧಿ ತಮ್ಮ ನಂಬಿಕೆ ಬಿಡಲಿಲ್ಲ.

ಈ ವಾದದಲ್ಲಿ ಇಬ್ಬರು ದೊಡ್ಡವರು ಮಾತಾಡಿದರು. ಮೂರನೆಯವನನ್ನು ಯಾರೂ ಮಾತಾಡಿಸಲಿಲ್ಲ. ಅವನು ಬಿಹಾರದ ಅಸ್ಪೃಶ್ಯ. ಅವನ ಮನೆಯೂ ಬಿತ್ತು, ಅವನ ಕೂಸೂ ಸತ್ತಿತು. ಕೇಳಿದ್ದರೆ ಏನನ್ನುತ್ತಿದ್ದ? ಮುಟ್ಟಬೇಡ ಅಂದವರು ಅವರು, ದೇವರು ನನಗೂ ಯಾಕೆ ಹೊಡೆದ ಸ್ವಾಮಿ ಅನ್ನುತ್ತಿದ್ದನೇನೋ. ಇದಕ್ಕೆ ಗಾಂಧಿಯ ದೇವರಲ್ಲಿ ಉತ್ತರ ಇಲ್ಲ. ಅಸ್ಪೃಶ್ಯತೆ ಪಾಪ ಅನ್ನೋದು ಸತ್ಯವೇ. ಆದರೆ ಆ ಪಾಪದ ವಿಚಾರಣೆಯನ್ನು ಕಣ್ಣಿಲ್ಲದ ನೆಲಕ್ಕೆ ಒಪ್ಪಿಸಿದರೆ ಪಾಪ ಮಾಡಿದವನೂ ಪಾಪಕ್ಕೆ ಬಲಿಯಾದವನೂ ಒಂದೇ ಗುಂಡಿಗೆ ಬೀಳುತ್ತಾರೆ. ಅಗ್ರಹಾರದ ಮೇಲೆ ಭೂಕಂಪ ಕರೆಯುವ ನಮ್ಮ ಕವಿ ಆ ವಾದದಿಂದ ದೇವರ ಹೆಸರನ್ನು ಮಾತ್ರ ಅಳಿಸಿದ್ದಾನೆ. ಉಳಿದದ್ದೆಲ್ಲ ಹಾಗೇ ಇದೆ.

ನಮ್ಮದು ಆಳಂದದ ಕಡೆಯ ಊರು, ಮಹಾರಾಷ್ಟ್ರದ ಗಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾದಾಗ ನಾನಿನ್ನೂ ಹುಟ್ಟಿರಲಿಲ್ಲ. ಅದು ಫಲಕದ ಅಂಚಲ್ಲ, ನಡು ಒಡಲು. ಗಟ್ಟಿ ನೆಲ ಅಂತ ಎಲ್ಲರೂ ನಂಬಿದ್ದ ಜಾಗ. ಪ್ರಮಾಣ 6.2, ಆದರೆ ಕಂಪ ಹುಟ್ಟಿದ್ದು ನೆಲದಿಂದ ಕೆಲವೇ ಕಿಲೋಮೀಟರ್ ಕೆಳಗೆ. ಸುಮಾರು 10 ಸಾವಿರ ಜನ ಸತ್ತರು. ನಿದ್ದೆಯಲ್ಲಿದ್ದವರ ಮೇಲೆ ಬಿದ್ದದ್ದು ದಪ್ಪ ಕಲ್ಲಿನ ಗೋಡೆ ಮತ್ತು ಮಣ್ಣಿನ ಮಾಳಿಗೆ. ಕಲ್ಲಿಗೂ ಕಲ್ಲಿಗೂ ನಡುವೆ ಬರೀ ಕೆಸರು, ತೊಲೆಯ ಮೇಲೆ ಹೊರೆಹೊರೆ ಮಣ್ಣು. ಬಿಸಿಲಿಗೆ ತಂಪು, ಕಳ್ಳರಿಗೆ ಭದ್ರ ಅಂತ ಕಟ್ಟಿದ ಮನೆಗಳು. ಅದೇ ಊರುಗಳಲ್ಲಿ ಹುಲ್ಲಿನ ಗುಡಿಸಲು ಹಗುರಾಗಿದ್ದರಿಂದ ಅದರೊಳಗೆ ಮಲಗಿದವರು ಎಷ್ಟೋ ಮಂದಿ ಉಳಿದರು.

ಅವ್ವ ಇದನ್ನು ಹೇಳೋದು ಹೀಗೆ: "ನಮ್ಮ ಮಾಳಗಿನೂ ಅಳ್ಳಾಡ್ತು. ಮಣ್ಣು ಉದುರಿ ಮೋತಿ ಮ್ಯಾಲೆ ಬಿತ್ತು. ನಿಮ್ಮಜ್ಜ ಟೆಂಪೋದಾಗ ಕಿಲ್ಲಾರಿಗಿ ಹೋಗಿ ಮೂರು ದಿನ ಕಲ್ಲು ಎತ್ತಿ ಬಂದ. ಬಂದಾಂವ ಎಂಟು ದಿನ ನೆಟ್ಟಗ ಉಣ್ಣಲಿಲ್ಲ. ಗುಡಿಸಲದವ್ರು ಉಳದಿದ್ರಂತ. ದೊಡ್ಡವ್ರ ವಾಡೇ ನೆಲಕ್ಕ ಕುಂತಿತ್ತಂತ." ಒಂದು ಸಲ ಕಾಲೇಜಿನ ಗೆಳೆಯನೊಬ್ಬ ನಮ್ಮ ಮನೆಗೆ ಬಂದಿದ್ದ, ಒಳ್ಳೆಯ ಕವಿ. ಈ ಕತೆ ಕೇಳಿದವನೇ, "ಹಂಗಾದ್ರ ಒಂದು ಸಲನಾದ್ರೂ ನ್ಯಾಯ ಆತಲ್ಲ ಯವ್ವಾ" ಅಂದ. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಅವನ ಕಡೆ ನೋಡಿದಳು. "ನ್ಯಾಯ ಆಗಿದ್ರ ಆ ಗುಡಿಸಲದವ್ರು ಅಳ್ಕೋತ ಯಾಕ ಕಲ್ಲು ಎತ್ತುತಿದ್ರಪಾ?"

ಅವನು ಮಾತಾಡಲಿಲ್ಲ. ಅಕ್ಷರ ಬಾರದ ಅವ್ವನ ಆ ಒಂದು ಪ್ರಶ್ನೆಯಲ್ಲಿ ನನ್ನ ಡಿಗ್ರಿಯ ಪುಸ್ತಕಗಳಲ್ಲಿ ಸಿಗದ ನೀತಿಶಾಸ್ತ್ರ ಇದೆ. ನಮ್ಮನ್ನು ತುಳಿದವನ ಮನೆ ಬಿದ್ದರೆ ಅದು ನ್ಯಾಯ ಅಲ್ಲ, ಬರೀ ಮನೆ ಬಿದ್ದದ್ದು. ಅವನ ಮೇಲೆ ನಮಗಿದ್ದ ದೂರು ಅವನ ಜೊತೆ ಹೂತುಹೋಗುತ್ತದೆ, ತೀರುವುದಿಲ್ಲ. ನ್ಯಾಯ ಅಂದರೆ ಅವನು ಬದುಕಿದ್ದು, ನಮ್ಮೆದುರು ನಿಂತು, ಹೌದು ಅನ್ನಬೇಕು. ನೆಲ ಅದನ್ನು ಮಾಡಿಸಲಾರದು.

ನೆಲ ಏನೂ ಮಾಡದಿದ್ದರೂ ಮನುಷ್ಯ ಏನು ಮಾಡುತ್ತಾನೆ ಅನ್ನೋದನ್ನೂ ನೋಡಬೇಕು. ಆಗಲೇ ಹೇಳಿದ ಬಿಲ್ಲಿನಂಥ ಕಂದಕದ ಸುಮಾತ್ರಾ ತುದಿಯಲ್ಲಿ 2004ರ ಡಿಸೆಂಬರ್ 26ರಂದು ಫಲಕ ಜಾರಿತು. ಪ್ರಮಾಣ 9.1, ಆಳ 30 ಕಿಲೋಮೀಟರ್. ಸಮುದ್ರ ಎದ್ದು ಹಲವು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಜನರನ್ನು ಎಳೆದುಕೊಂಡಿತು. ತಮಿಳುನಾಡಿನ ನಾಗಪಟ್ಟಿಣದ ದಡಕ್ಕೂ ಬಂತು. ಆ ನೀರಿಗೆ ಯಾರ ಜಾತಿಯೂ ಗೊತ್ತಿರಲಿಲ್ಲ. ನೀರು ಹಿಂದಕ್ಕೆ ಸರಿದ ಮೇಲೆ ಜಾತಿ ಬಂತು. ಪರಿಹಾರ ಶಿಬಿರಗಳಲ್ಲಿ ದಲಿತರನ್ನು ಒಳಗೆ ಬಿಡಲಿಲ್ಲ, ಕುಡಿಯುವ ನೀರಿನ ತೊಟ್ಟಿ ಮುಟ್ಟಲು ಬಿಡಲಿಲ್ಲ ಅಂತ ಆಗಲೇ ವರದಿಗಳು ಬಂದವು. ಕೊಳೆತ ಹೆಣ ಎತ್ತಲು ಬೇರೆ ಊರುಗಳಿಂದ ಪೌರಕಾರ್ಮಿಕರನ್ನು ಕರೆತಂದರು. ಅವರು ಯಾವ ಜಾತಿಯವರು ಅಂತ ನಾನು ಹೇಳಬೇಕೆ? ಭೂಕಂಪ ಒಂದು ಗಳಿಗೆಯದು. ಅದರ ಮೊದಲು ಗೋಡೆ, ಅದರ ನಂತರ ಶಿಬಿರ. ಎರಡೂ ನಮ್ಮವು, ಮನುಷ್ಯರವು. ಅನ್ಯಾಯ ಇರೋದು ಆ ಎರಡು ಕಡೆ.

ಇನ್ನು ಆ "ಹಾನಿ ಇಲ್ಲ" ಅನ್ನೋ ಸಾಲಿಗೆ ಬರೋಣ. ಗೌರಿಬಿದನೂರಿನ ಬಳಿ ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಲ್ಲಿ ಸ್ಥಾಪಿಸಿದ ಕಂಪಮಾಪಕ ಕೇಂದ್ರವಿದೆ. ಇಂಗ್ಲಿಷಿನ ಎಲ್ ಅಕ್ಷರದ ಎರಡು ತೋಳಿನ ಹಾಗೆ, ಹೊಲ ಊರುಗಳ ನಡುವೆ ಯಂತ್ರಗಳನ್ನು ಹೂತಿದ್ದಾರೆ. ಹೂತದ್ದು ಬೇರೆ ದೇಶಗಳು ನೆಲದೊಳಗೆ ಸಿಡಿಸುವ ಅಣುಬಾಂಬಿನ ಸದ್ದು ಹಿಡಿಯಲಿಕ್ಕೆ. ಅಲ್ಲಿನ ಬಂಡೆ ಬಹಳ ಹಳೆಯದು, ಬಹಳ ಮೌನದ್ದು. ಅದಕ್ಕೇ ಆ ಜಾಗ. ಜಾವಾ ಸಮುದ್ರದ ಆಳದ ಕಂಪ ನಾಲ್ಕು ಸಾವಿರ ಕಿಲೋಮೀಟರ್ ದಾಟಿ ಏಳು ನಿಮಿಷದ ಆಸುಪಾಸಿನಲ್ಲಿ ಇಂಥ ಯಂತ್ರವನ್ನು ಮುಟ್ಟಬಲ್ಲದು. ಮೇಲೆ ಕಡಲೆಕಾಯಿ ಕೀಳುವ ಹೆಂಗಸಿಗೆ ಏನೂ ಗೊತ್ತಾಗುವುದಿಲ್ಲ. ಅವಳ ಕಾಲಡಿಯ ಯಂತ್ರಕ್ಕೆ ಗೊತ್ತಾಗುತ್ತದೆ. ಮೈಗೆ ತಾಗಲಿಲ್ಲ ಅಂದ ಮಾತ್ರಕ್ಕೆ ನಡೆದೇ ಇಲ್ಲ ಅನ್ನುವ ಹಾಗಿಲ್ಲ.

ಭೂಮಿಯ ಮಟ್ಟಿಗೆ "ಹಾನಿ ಇಲ್ಲ" ಅನ್ನೋದು ನಿಜವಾದ ಮಾತು. ಅಲ್ಲಿ ನಡುವೆ ಇರೋದು ಬಂಡೆ. ಕೂಗು ಮೇಲೆ ಬಾರದಿದ್ದರೆ ಯಾರ ತಪ್ಪೂ ಅಲ್ಲ. ಆದರೆ ಇದೇ ಸಾಲನ್ನು ನಮ್ಮ ಕೇರಿಯ ಬಗ್ಗೆಯೂ ಬರೆಯುತ್ತಾರೆ. ಗ್ರಾಮದಲ್ಲಿ ಶಾಂತಿ ಇದೆ, ಅಹಿತಕರ ಘಟನೆ ನಡೆದಿಲ್ಲ, ಎಲ್ಲರೂ ಅನ್ಯೋನ್ಯವಾಗಿದ್ದಾರೆ. ಬಾವಿಯ ಹತ್ತಿರ ಹೊಡೆತ ತಿಂದವಳ ಕೂಗು, ಹೋಟೆಲಿನ ಹೊರಗೆ ಬೇರೆ ಲೋಟ ಹಿಡಿದು ನಿಂತವನ ನಡುಕ, ಶಾಲೆಯಲ್ಲಿ ಹಿಂದಿನ ಸಾಲಿಗೆ ಕಳಿಸಿದ ಹುಡುಗನ ಒಳಗಿನ ಬಿರುಕು ಯಾವ ದಾಖಲೆಯಲ್ಲೂ ಇಲ್ಲ. ಕೇರಿಗೂ ಊರಿಗೂ ನಡುವೆ ಎಷ್ಟು ದೂರ? ಇನ್ನೂರು ಅಡಿ. ಮುನ್ನೂರು ಅಡಿ ಅನ್ನಿ. ಆ ಇನ್ನೂರು ಅಡಿಯೊಳಗೆ 600 ಕಿಲೋಮೀಟರ್ ಬಂಡೆಯನ್ನು ತುಂಬಿದವರು ಯಾರು? ಅದನ್ನು ಫಲಕಗಳು ಕೋಟಿ ವರ್ಷ ತಳ್ಳಿ ತಂದದ್ದಲ್ಲ. ಮನುಷ್ಯರು ತಂದದ್ದು, ಕೈಯಾರೆ, ದಿನಾ ಸ್ವಲ್ಪ ಸ್ವಲ್ಪ. ಮನುಷ್ಯರು ತಂದದ್ದನ್ನು ಮನುಷ್ಯರೇ ತೆಗೆಯಬಹುದು. ತೆಗೆಸಬಹುದು.

ಕೆಲವರು ಕೇಳುತ್ತಾರೆ: ರೂಪಕವನ್ನು ರೂಪಕ ಅಂತ ಬಿಟ್ಟುಬಿಡಬಾರದೆ? ಕವಿಗೆ ಇಷ್ಟೂ ಸ್ವಾತಂತ್ರ್ಯ ಬೇಡವೆ? ಬೇಕು. ಆದರೆ ರೂಪಕಗಳೂ ಕೆಲಸ ಮಾಡುತ್ತವೆ. ನೆಲ ಮಾಡುತ್ತದೆ ಅಂತ ಕಾಯೋನು ತಾಲೂಕು ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಆದಿಶೇಷ ತಲೆ ಕೊಡವುತ್ತಾನೆ ಅಂತ ಕಾಯ್ದವರಿಗೂ ಇವನಿಗೂ ಏನು ವ್ಯತ್ಯಾಸ? ಭೂಕಂಪಕ್ಕೆ ಅದು ಯಾರ ಮನೆ ಅಂತ ಗೊತ್ತಿಲ್ಲ, ಯಾಕೆ ಅಂತ ಗೊತ್ತಿಲ್ಲ, ಎಲ್ಲಿ ನಿಲ್ಲಬೇಕು ಅಂತಲೂ ಗೊತ್ತಿಲ್ಲ. ಬಂಡಾಯಕ್ಕೆ ಈ ಮೂರೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅದು ಬಂಡಾಯ ಅಲ್ಲ, ಅಪಘಾತ.

ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತ ಒಂದು ಕಾಂಕ್ರೀಟ್ ಪಟ್ಟಿ, ಮೂಲೆಗಳಲ್ಲಿ ಕಬ್ಬಿಣದ ಸರಳು, ಗೋಡೆಯ ಎರಡು ಮುಖವನ್ನೂ ಹಿಡಿಯುವ ಉದ್ದನೆಯ ಕಲ್ಲು. ಮನೆ ಮೈಮೇಲೆ ಬೀಳದಿರಲು ಮಾಡಬೇಕಾದದ್ದು ಬಹುಪಾಲು ಇಷ್ಟೆ. ಕೇರಿಗೆ ಸರ್ಕಾರದ ಮನೆ ಮಂಜೂರಾದಾಗ ಈ ಪಟ್ಟಿ ಎಲ್ಲಿ, ಈ ಸರಳು ಎಲ್ಲಿ ಅಂತ ಗುತ್ತಿಗೆದಾರನ ಎದುರು ನಿಂತು ಕೇಳುವ ಹೆಂಗಸು ಭೂಕಂಪವನ್ನು ಕರೆಯುವ ಕವಿಗಿಂತ ದೊಡ್ಡ ಬಂಡಾಯಗಾರಳು. ಅವಳ ಮಾತಿಗೆ ಚಪ್ಪಾಳೆ ಬೀಳುವುದಿಲ್ಲ. ಆದರೆ ಎಂದೋ ಒಂದು ನಸುಕಿನಲ್ಲಿ ನೆಲ ನಡುಗಿದಾಗ ಅವಳ ಮಕ್ಕಳು ಎದ್ದು ಹೊರಗೆ ಬರುತ್ತಾರೆ. ಮರುದಿನದ ಪತ್ರಿಕೆಯಲ್ಲಿ "ಹಾನಿ ಇಲ್ಲ" ಅಂತ ಬಂದರೆ ಆ ಸಾಲನ್ನು ಬರೆದವಳು ಅವಳೇ.